ಮುನಿಯಮ್ಮನ ಸೊಸೆಯ ಸ್ಯಾಂಪಲ್

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವ ಪ್ರಶ್ನೆ ಒಂದೇ. "ವಾಸನೆಗೆ ಏನ್ಮಾಡ್ತಿದ್ರಿ ಮೇಡಂ?" ವಾಸನೆ ಎಂಟು ದಿನದ ಮಾತು. ಒಂಬತ್ತನೆಯ ದಿನ ಅದೇ ಮೇಜಿನ ಪಕ್ಕ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುತ್ತೀರಿ. ಬಿಚ್ಚಬಾರದು, ಆದರೆ ಬಿಚ್ಚುತ್ತೀರಿ. ನಾನು ಹೇಳಬೇಕೆಂದಿರುವುದು ಬೇರೆ. ಈ ಕೆಲಸ ನಿಮ್ಮನ್ನು ಅನುಮಾನದ ಮನುಷ್ಯರನ್ನಾಗಿ ಮಾಡುತ್ತದೆ. ನನ್ನನ್ನಂತೂ ಮಾಡಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಒಂದೇ ಟ್ರಸ್ಟಿನ ಮೂರು ಸಣ್ಣ ಆಸ್ಪತ್ರೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ರಕ್ತ, ಮೂತ್ರ, ಕಫ, ಮಲ ನೋಡಿದವಳು ನಾನು. ನಿವೃತ್ತಿಯಾದ ಮೇಲೂ ಬದನೆಕಾಯಿ ಕೊಂಡರೆ ತಿರುಗಿಸಿ ತೊಟ್ಟಿನ ಹತ್ತಿರ ಹುಳುಕಿದೆಯೇ ನೋಡುತ್ತೇನೆ. ಮೊಮ್ಮಗಳು ಹಲ್ಲುಜ್ಜಿದೆ ಎಂದರೆ ಹೋಗಿ ಬ್ರಷ್ ಮುಟ್ಟಿ ನೋಡುತ್ತೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಜನರ ಹೆಸರುಗಳನ್ನು ಬದಲಾಯಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ಅನುಮಾನದ ಮೊದಲ ಪಾಠ ಕಲಿಸಿದವರು ಗೌರಿಬಿದನೂರಿನಲ್ಲಿ ನನ್ನ ಮೇಲಿದ್ದ ಹಿರಿಯ ಟೆಕ್ನಿಷಿಯನ್ ಖಾದರ್ ಸಾಹೇಬರು. ಆಗ ಅಲ್ಲಿದ್ದ ಡಾಕ್ಟರಿಗೆ ಹೊಟ್ಟೆನೋವು ಎಂದು ಬಂದವರಲ್ಲೆಲ್ಲ ಅಮೀಬಾ ಸಿಗಬೇಕಿತ್ತು. ಇಲ್ಲ ಎಂದು ಬರೆದು ಕಳಿಸಿದರೆ ಚೀಟಿ ವಾಪಸ್ ಬರುತ್ತಿತ್ತು, "ಸರಿಯಾಗಿ ನೋಡಿ" ಎಂದು. ನಾನು ಹೊಸಬಳು, ಹೆದರಿಕೊಂಡು ಒಂದು ದಿನ ಇದೆ ಎಂದು ಬರೆಯಲು ಪೆನ್ನು ತೆಗೆದೆ. ಸಾಹೇಬರು ಕೈ ಹಿಡಿದುಕೊಂಡರು.

"ನೋಡು ಬೇಟಿ, ಅದು ಕಾಲು ಚಾಚ್ಕೊಂಡು ಸ್ಲೈಡ್ ಮೇಲೆ ನಡೆಯೋದು ನಿನ್ನ ಕಣ್ಣಿಗೆ ಕಂಡ್ರೆ ಬರಿ. ಡಾಕ್ಟ್ರ ಮುಖ ಕಂಡು ಬರೀಬೇಡ."

ಮಂಚೇನಹಳ್ಳಿಯಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್ಲುಗಳನ್ನು ಅವರು ನಂಬುತ್ತಲೇ ಇರಲಿಲ್ಲ. ತಣ್ಣಗಾದ ಮೇಲೆ ಅಮೀಬಾ ನಡೆಯುವುದನ್ನು ನಿಲ್ಲಿಸುತ್ತದೆ, ಅರ್ಧ ಗಂಟೆಯೊಳಗೆ ನೋಡದಿದ್ದರೆ ನೋಡಿ ಉಪಯೋಗವಿಲ್ಲ ಎನ್ನುತ್ತಿದ್ದರು. ಪ್ರತಿ ಡಬ್ಬಿಗೂ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಯಾರದು, ಯಾವಾಗಿನದು, ಯಾರು ತಂದಿರಿ, ಇವರಿಗೆ ಹಿಂದೆ ಏನಾಗಿತ್ತು. ಮೊದಲ ಮೂರನ್ನು ನಾನು ಕೊನೆಯವರೆಗೆ ಬಿಡಲಿಲ್ಲ. ನಾಲ್ಕನೆಯದು ಡಾಕ್ಟರು ಕೇಳಬೇಕಾದದ್ದು, ನಮಗೇಕೆ ಎಂದು ಬಿಟ್ಟುಬಿಟ್ಟೆ. ಕಿಟಕಿಯ ಮುಂದೆ ನಲವತ್ತು ಜನ ನಿಂತಿರುವಾಗ ಯಾರ ಪುರಾಣ ಕೇಳಲು ಪುರಸೊತ್ತು ಇರುತ್ತದೆ ಎಂಬುದು ನನ್ನ ಸಮರ್ಥನೆ.

ಚಿಂತಾಮಣಿಗೆ ವರ್ಗವಾದ ಮೇಲೆ ಆದದ್ದು ಟೀ ಪ್ರಸಂಗ. ಶಾಲೆಯ ವ್ಯಾನ್ ಓಡಿಸುವ ಕೆಲಸಕ್ಕೆ ಸೇರುವ ಒಬ್ಬಾತನಿಗೆ ಸಕ್ಕರೆ ಕಾಯಿಲೆ ಇಲ್ಲ ಎಂಬ ಸರ್ಟಿಫಿಕೇಟ್ ಬೇಕಿತ್ತು. ಮೂತ್ರವನ್ನು ಮನೆಯಿಂದಲೇ ಬಾಟಲಿಯಲ್ಲಿ ತಂದಿದ್ದ. ಆಗೆಲ್ಲ ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಕಾಯಿಸುತ್ತಿದ್ದೆವು. ಸಕ್ಕರೆ ಇದ್ದಷ್ಟೂ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಬಣ್ಣ. ಇವನದು ನೇರವಾಗಿ ಇಟ್ಟಿಗೆಗೆ ಹೋಯಿತು. "ಸಾಧ್ಯಾನೇ ಇಲ್ಲ ಮೇಡಂ" ಎಂದು ಅವನು ಪ್ರಮಾಣ ಮಾಡುತ್ತಿದ್ದಾಗ ನನ್ನ ಮೂಗಿಗೆ ಶುಂಠಿಯ ವಾಸನೆ ಬಂತು. ಮೈಕ್ರೋಸ್ಕೋಪಿನಲ್ಲಿ ಟೀ ಎಲೆಯ ಚೂರು. ಕೇಳಿದ್ದಕ್ಕೆ ತಲೆ ಕೆರೆದುಕೊಂಡ. "ಹೆಂಡ್ತಿಗೆ ಹಾಲು ಹಾಕದೆ ಒಂದ್ ಲೋಟ ಟೀ ಮಾಡಿ ಕೊಡೇ ಅಂದಿದ್ದೆ ಮೇಡಂ. ಅಭ್ಯಾಸ ನೋಡಿ, ಬೆಲ್ಲ ಹಾಕ್ಬಿಟ್ಟವ್ಳೆ." ಅವನಿಂದ ಅಲ್ಲೇ ನಿಜವಾದ ಸ್ಯಾಂಪಲ್ ತೆಗೆಸಿ ನೋಡಿದರೆ ಸಕ್ಕರೆಯ ಸುಳಿವೇ ಇರಲಿಲ್ಲ, ಸುಮ್ಮನೆ ಹೆದರಿದ್ದ. ಆಸ್ಪತ್ರೆಯೆಲ್ಲ ನಕ್ಕಿತು. ಅಂದಿನಿಂದ ನನಗೆ ಸಿಐಡಿ ಸರೋಜಮ್ಮ ಎಂದು ಹೆಸರು ಬಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು. ಮನೆಯಿಂದ ಬಂದ ಯಾವ ಬಾಟಲಿಯನ್ನೂ ಆಮೇಲೆ ನಾನು ನಂಬಲಿಲ್ಲ.

ಶಿಡ್ಲಘಟ್ಟದ ಆಸ್ಪತ್ರೆಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ. ಆಗಿನ್ನೂ ನಾವೆಲ್ಲ ಕೋಲಾರ ಜಿಲ್ಲೆಯವರು. ಅಲ್ಲಿನ ಡಾಕ್ಟರ್ ಶೇಷಗಿರಿ ಒಳ್ಳೆಯವರು, ಆದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ ನೂರು ಜನರನ್ನು ನೋಡಬೇಕು. ಹಾಗಾಗಿ ನಮ್ಮ ರಿಪೋರ್ಟಿನ ಕೊನೆಯ ಸಾಲನ್ನು ಮಾತ್ರ ಓದಿ ಔಷಧ ಬರೆಯುತ್ತಿದ್ದರು. ಇನ್ನೊಂದು ಪದ್ಧತಿ ಹೇಳಬೇಕು. ನಮ್ಮ ಕಿಟಕಿಯಿಂದ ರಿಪೋರ್ಟ್ ರೋಗಿಯ ಕೈಗೆ ಹೋಗುತ್ತಿದ್ದದ್ದೇ ಅಪರೂಪ. ಹೆಸರು ಕೂಗಿದರೆ ಜೊತೆಗೆ ಬಂದ ಹಿರಿಯರು ಕೈ ಚಾಚುತ್ತಿದ್ದರು. ಹೆಂಡತಿಯ ಚೀಟಿ ಗಂಡನ ಕೈಗೆ, ಸೊಸೆಯ ಚೀಟಿ ಅತ್ತೆಯ ಕೈಗೆ. ಓದು ಬಾರದವರು ಅಲ್ಲೇ ನಿಂತು "ಏನ್ ಬಂದೈತಮ್ಮ?" ಎಂದು ಕೇಳುತ್ತಿದ್ದರು, ನಾವು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದೆವು. ಅದರಲ್ಲಿ ತಪ್ಪಿದೆ ಎಂದು ನನಗಾಗಲಿ ಬೇರೆಯವರಿಗಾಗಲಿ ಹೊಳೆದಿರಲಿಲ್ಲ.

ಸುಜಾತ ಎಂಬ ಹುಡುಗಿ ಬಂದದ್ದು ಹೀಗೆ ಅತ್ತೆಯ ಹಿಂದೆ. ತವರು ಮಂಚೇನಹಳ್ಳಿ ಕಡೆ, ಕೊಟ್ಟಿದ್ದು ದಿಬ್ಬೂರಹಳ್ಳಿ ಹತ್ತಿರದ ರೇಷ್ಮೆ ಹುಳು ಸಾಕುವ ಮನೆಗೆ. ವಯಸ್ಸು ಇಪ್ಪತ್ತಮೂರೋ ನಾಲ್ಕೋ, ಮದುವೆಯಾಗಿ ಎರಡು ವರ್ಷ. ಗಂಡ ಹಾಲಿನ ವ್ಯಾನ್ ಓಡಿಸುತ್ತಿದ್ದ, ಅವನು ಆಸ್ಪತ್ರೆಗೆ ಬಂದದ್ದು ಕಡಿಮೆ. ಅತ್ತೆ ಮುನಿಯಮ್ಮ ಎತ್ತರದ ಹೆಂಗಸು, ಮಾತಿಗೆ ಮುಂಚೆ ಎದುರಿಗಿರುವವರನ್ನು ಮೇಲಿಂದ ಕೆಳಗೆ ಒಮ್ಮೆ ಅಳೆಯುವವಳು. ಅನುಮಾನದವಳಾದ ನಾನು ಇನ್ನೊಬ್ಬ ಅನುಮಾನದವಳನ್ನು ಕೂಡಲೇ ಗುರುತಿಸಿದೆ.

ದೂರು ಭೇದಿ. ದಿನಕ್ಕೆ ಹನ್ನೆರಡು ಹದಿನೈದು ಸಲ, ಹೊಟ್ಟೆ ಹಿಡಿತ, ಸಣ್ಣ ಜ್ವರ. ಹುಳುವಿನ ಮನೆಯಲ್ಲಿ ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಗಳಿಗೆಗೊಮ್ಮೆ ಹೊರಗೆ ಓಡುವವಳು ಅಲ್ಲಿ ಯಾವ ಕೆಲಸಕ್ಕೂ ಒದಗುತ್ತಿರಲಿಲ್ಲ. ನಾನು ಸ್ಲೈಡ್ ನೋಡಿದೆ. ಕೀವಿನ ಕಣಗಳು ತುಂಬಿಕೊಂಡಿದ್ದವು, ಅಮೀಬಾ ಇಲ್ಲ, ಹೊಟ್ಟೆಹುಳುವಿನ ಮೊಟ್ಟೆಯೂ ಇಲ್ಲ. ಡಾಕ್ಟರು ಆಮಶಂಕೆ ಎಂದುಕೊಂಡು ಐದು ದಿನದ ಮಾತ್ರೆ ಬರೆದರು. ಹುಷಾರಾದಳು. ತಿಂಗಳು ಕಳೆಯುವುದರೊಳಗೆ ಮತ್ತೆ ಬಂದಳು. ಮತ್ತೆ ಅದೇ ಸ್ಲೈಡ್, ಅದೇ ಮಾತ್ರೆ, ಮತ್ತೆ ಹುಷಾರು. ಮೂರನೆಯ ಸಲ ಔಷಧದ ಕಿಟಕಿಯಲ್ಲಿ ಅವಳು ಮೆಲ್ಲಗೆ ಹೇಳುವುದು ನನ್ನ ಕಿವಿಗೆ ಬಿತ್ತು. "ಮೆಟ್ರೊನಿಡಜೋಲ್ ನಾನೂರು ಕೊಡಿ ಸಾರ್. ಐದು ದಿನ ಸಾಲಲ್ಲ, ಹದಿನಾಲ್ಕು ದಿನಕ್ಕೆ ಕೊಡಿ."

ನಮ್ಮ ಕಡೆ ಮಾತ್ರೆಯನ್ನು ಬಣ್ಣದಿಂದ ಕೇಳುತ್ತಾರೆ. ಹಳದಿದು ಕೊಡಿ, ಉದ್ದಂದು ಕೊಡಿ. ಹಳ್ಳಿಯ ಸೊಸೆಯೊಬ್ಬಳು ಹೆಸರು, ತೂಕ, ದಿನ ಎಲ್ಲ ಲೆಕ್ಕ ಹಾಕಿ ಕೇಳುತ್ತಾಳೆಂದರೆ ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎಂದೇ ನನಗನಿಸಿತು. ನಮ್ಮಲ್ಲಿ ಮಾತ್ರೆ ಪುಕ್ಕಟೆ. ಮನೆಯಲ್ಲಿ ಬೇರೆ ಯಾರೋ ಕಾಯಿಲೆಯವರಿದ್ದಾರೆ, ಬರಲು ನಾಚಿಕೆಯೋ ಹೆದರಿಕೆಯೋ, ಅವರದನ್ನು ಇವಳು ತನ್ನದೆಂದು ತರುತ್ತಿದ್ದಾಳೆ. ಸ್ಯಾಂಪಲ್ ಕೂಡ ನನ್ನ ಅನುಮಾನಕ್ಕೆ ಇಂಬು ಕೊಟ್ಟಿತು. ಆಮಶಂಕೆಯದು ನಾನು ಸಾವಿರ ನೋಡಿದ್ದೇನೆ, ಅದಕ್ಕೊಂದು ರೂಪವಿದೆ. ಇವಳದು ಗಂಜಿಯ ಹದದಲ್ಲಿ, ಸೊಪ್ಪಿನ ಚೂರು ಅರೆಬರೆ ಹಾಗೇ ಉಳಿದು, ವಯಸ್ಸಿನ ಹೆಣ್ಣುಮಗಳ ಆರೋಗ್ಯವಂತ ಕರುಳಿನಿಂದ ಬಂದದ್ದು ಎನ್ನಿಸುವಂತೆಯೇ ಇರಲಿಲ್ಲ. ಇಷ್ಟು ಸರಿಯಾಗಿ ಗಮನಿಸಿದ್ದೆ. ತಪ್ಪಾದದ್ದು ಅದರ ಮುಂದಿನ ಹೆಜ್ಜೆ.

ನಾಲ್ಕನೆಯ ಸಲ ಬಂದಾಗ ಡಬ್ಬಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಸಾಲಿನ ಮುಂದೆಯೇ ಕೇಳಿದೆ.

"ಇದು ನಿಂದೇನಾ?"

ಅವಳು ಅತ್ತೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ನಂದೇ ಮೇಡಂ."

"ಮನೇಲಿ ಬೇರೆ ಯಾರಿಗಾದ್ರೂ ಹೊಟ್ಟೆ ಕೆಟ್ಟಿದೆಯಾ?"

"ಯಾರ್ಗೂ ಇಲ್ಲ ಮೇಡಂ."

ಆ ಒಂದು ನೋಟವೇ ನನಗೆ ಸಾಕ್ಷಿಯಾಯಿತು. ಸುಳ್ಳು ಹೇಳುವವರು ಹೀಗೆಯೇ ನೋಡುವುದು ಎಂದುಕೊಂಡೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ "ಸ್ಯಾಂಪಲ್ ಡೌಟ್‌ಫುಲ್" ಎಂದು ಇಂಗ್ಲಿಷಿನಲ್ಲಿ ಬರೆದು ಅಡಿಗೆರೆಯನ್ನೂ ಎಳೆದೆ. ಮುನಿಯಮ್ಮ ಕೈ ಚಾಚಿದಳು.

"ಏನಂತ ಬರ್ದಿದ್ದೀಯಮ್ಮ?"

"ಇದು ನಿಮ್ಮ ಸೊಸೇದು ಅಂತ ನಂಗೆ ನಂಬಿಕೆ ಬರ್ತಿಲ್ಲ ಕಣಮ್ಮ. ಡಾಕ್ಟ್ರು ನೋಡ್ಕೋತಾರೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುನಿಯಮ್ಮ ನನ್ನನ್ನೂ ಸೊಸೆಯನ್ನೂ ಬದಲಾಯಿಸಿ ನೋಡಿ, ಚೀಟಿ ಹಿಡಿದು ಡಾಕ್ಟರ ಕಡೆ ಹೊರಟಳು. ಡಾಕ್ಟರು ಕೊನೆಯ ಸಾಲು ಓದಿ, "ಕಾಯಿಲೆ ಏನೂ ಇಲ್ಲ, ಮಜ್ಜಿಗೆ ಕುಡಿ" ಎಂದು ಮಾತ್ರೆ ಬರೆಯದೆ ಕಳಿಸಿದರು. ಅವಳು ಹೋಗುವಾಗ ನನ್ನ ಕಿಟಕಿಯ ಮುಂದೆ ಒಂದು ಕ್ಷಣ ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಅತ್ತೆ ಕರೆದಿದ್ದಕ್ಕೆ ಹೊರಟುಹೋದಳು. ನನಗೆ ಆವತ್ತು ಹೆಮ್ಮೆಯೇ ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಒಂಬತ್ತು ದಿನದ ಮೇಲೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಹಾಲಿನ ವ್ಯಾನಿನಲ್ಲಿ ಅವಳನ್ನು ಮಲಗಿಸಿಕೊಂಡು ಬಂದರು. ಕಣ್ಣು ಒಳಗೆ ಹೋಗಿತ್ತು, ನಾಲಿಗೆ ಒಣಗಿ ಮಾತು ಹೊರಡುತ್ತಿರಲಿಲ್ಲ. ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಿದ್ದಳು. ನಾಡಿ ಕೈಗೆ ಸಿಗುತ್ತಿಲ್ಲ ಎಂದರು ವಾರ್ಡಿನ ಷಾಹೀನ್ ಸಿಸ್ಟರ್. ಎರಡು ಕೈಗೂ ಡ್ರಿಪ್ ಹಾಕಿದರು. ಗಂಡ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರು ಕೇಳಿದ್ದಕ್ಕೆ ಉತ್ತರ ಹೇಳಿದವಳು ಮುನಿಯಮ್ಮ.

"ಮದ್ದು ಕಕ್ಕಿಸಿದ್ವಿ ಸ್ವಾಮಿ."

ಈ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆಗದವರು ಊಟದಲ್ಲಿ ಏನೋ ಬೆರೆಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಸವೆಸುತ್ತದೆ, ಅದಕ್ಕೆ ಮದ್ದು ಎನ್ನುತ್ತಾರೆ. ಅದನ್ನು ತೆಗೆಯುವವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕುಡಿಸಿ, ವಾಂತಿ ಭೇದಿ ಎರಡೂ ಮಾಡಿಸುತ್ತಾರೆ. ಚಿಂತಾಮಣಿಯ ಆಚೆ ಅಂಥ ಒಬ್ಬನಿದ್ದ.

"ನನ್ನ ವಾರಗಿತ್ತಿ ಮನೇಲಿ ಸೀಮಂತದ ಊಟ ಮಾಡಿದ್ಲು ಸ್ವಾಮಿ, ಆವತ್ತಿಂದ ಇಂಗೇ. ನೀವು ಕಾಯಿಲೆ ಇಲ್ಲ ಅಂದ್ರಿ. ಕಾಯಿಲೆ ಇಲ್ಲ ಅಂದ್ಮೇಲೆ ಮದ್ದೇ ತಾನೆ? ಇನ್ನೇನಿರ್ತದೆ?"

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ರಕ್ತ ತೆಗೆದುಕೊಂಡು ಬಂದೆ. ಮೈಯ ಲವಣಾಂಶ ನೋಡುವ ಯಂತ್ರ ಆಗ ನಮ್ಮಲ್ಲಿರಲಿಲ್ಲ, ಅದನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಬೇಕಿತ್ತು. ಬಾಟಲಿಗೆ ಹೆಸರು ಅಂಟಿಸುತ್ತಿದ್ದಾಗ ಷಾಹೀನ್ ಸಿಸ್ಟರ್ ಬಂದು ಮೆಲ್ಲಗೆ ಹೇಳಿದರು.

"ಸರೋಜಕ್ಕ, ನಂಗೆ ಆ ಅತ್ತೆ ಮೇಲೇನೇ ಡೌಟು. ಎರಡು ವರ್ಷ ಆದ್ರೂ ಮಕ್ಕಳಾಗಿಲ್ಲ. ಕುಡ್ಸಿದ್ದು ಬೇಕಂತಲೇ ಇರ್ಬೋದು."

ನನಗೂ ಅದೇ ಅನುಮಾನ ಎಂದೆ. ನಿಜ ಹೇಳಬೇಕೆಂದರೆ ಅದು ಅನುಮಾನವಲ್ಲ, ಆಸೆ. ತಪ್ಪು ಅತ್ತೆಯದಾದರೆ ನನ್ನದು ಮುಚ್ಚಿಹೋಗುತ್ತಿತ್ತು.

ಅರ್ಧ ಗಂಟೆಯಲ್ಲಿ ವಾರ್ಡಿನಿಂದ ಸ್ಯಾಂಪಲ್ ಬಂತು. ಸಿಸ್ಟರೇ ಬೆಡ್‌ಪ್ಯಾನ್ ಇಟ್ಟು, ತಾವೇ ಡಬ್ಬಿಗೆ ಹಾಕಿ, ತಾವೇ ತಂದದ್ದು. ಇನ್ನೂ ಬೆಚ್ಚಗಿತ್ತು. ಸ್ಲೈಡ್ ಮಾಡಿ ಕಣ್ಣಿಟ್ಟೆ. ಈ ಸಲ ತೆಳುವಾಗಿತ್ತು ಅಷ್ಟೇ. ಉಳಿದದ್ದೆಲ್ಲ ಅದೇ, ಅಂಚಿನಿಂದ ಅಂಚಿಗೆ ಕೀವಿನ ಕಣ, ಅರೆಬರೆ ಸೊಪ್ಪಿನ ಚೂರು. ನಾಲ್ಕು ಸಲ ನಾನು ನೋಡಿದ್ದು ಇದನ್ನೇ. ನಾಲ್ಕು ಸಲವೂ ಅದು ಅವಳದೇ ಆಗಿತ್ತು. ಮೈಕ್ರೋಸ್ಕೋಪಿನ ದೀಪ ಆರಿಸಿ, ಯಾವ ಕೆಲಸವೂ ಇಲ್ಲದೆ ವಾರ್ಡಿಗೆ ಹೋದೆ.

ಷಾಹೀನ್ ಸಿಸ್ಟರ್ ಪರದೆ ಎಳೆದು ಅವಳ ಸೀರೆ ಬದಲಾಯಿಸುತ್ತಿದ್ದರು. ಹೊಕ್ಕುಳ ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಹೊಲಿಗೆಯ ಗುರುತಿತ್ತು. ಅದರ ಬಲಕ್ಕೆ, ಕೆಳಹೊಟ್ಟೆಯಲ್ಲಿ, ರೂಪಾಯಿಯಗಲ ಚರ್ಮ ಸುಕ್ಕಿ ಒಳಗೆ ಎಳೆದುಕೊಂಡಿತ್ತು. ಉದ್ದದ್ದನ್ನು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಆ ದುಂಡನೆಯದನ್ನು ನಾನು ಬಲ್ಲೆ. ಬೆಂಗಳೂರಿನಲ್ಲಿ ತರಬೇತಿಗಿದ್ದಾಗ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸಿಕೊಂಡವರ ವಾರ್ಡಿಗೆ ರಕ್ತ ತೆಗೆಯಲು ಹೋಗುತ್ತಿದ್ದೆ. ಚೀಲ ತೆಗೆದು ಬಾಯಿ ಮುಚ್ಚಿದ ಮೇಲೆ ಉಳಿಯುವ ಗುರುತು ಅದು.

ಮುನಿಯಮ್ಮನನ್ನು ಎಳನೀರು ತರಲು ಕಳಿಸಿ, ಸಿಸ್ಟರನ್ನೂ ಆಚೆ ಹೋಗಲು ಹೇಳಿ, ಮಂಚದ ಅಂಚಿನಲ್ಲಿ ಕೂತೆ. ಖಾದರ್ ಸಾಹೇಬರ ನಾಲ್ಕನೆಯ ಪ್ರಶ್ನೆಯನ್ನು ಇಷ್ಟು ವರ್ಷದ ಮೇಲೆ ಕೇಳಿದೆ.

"ಹಿಂದೆ ನಿಂಗೆ ಏನಾಗಿತ್ತಮ್ಮ?"

ಅವಳು ಬಾಗಿಲ ಕಡೆ ನೋಡಿದಳು. ಅದೇ ನೋಟ. ಆವತ್ತು ನಾನು ಸುಳ್ಳು ಎಂದು ಓದಿದ್ದು ಹೆದರಿಕೆಯಾಗಿತ್ತು.

"ದೊಡ್ಡ ಕರುಳು ತೆಗ್ದಿದ್ದಾರೆ ಮೇಡಂ. ಪೂರ್ತಿ. ಮದ್ವೆಗೆ ಮುಂಚೆ."

ನಿಂತು ನಿಂತು ಹೇಳಿದಳು. ಪಿಯುಸಿಯಲ್ಲಿದ್ದಾಗ ರಕ್ತಭೇದಿ ಶುರುವಾಗಿ, ಎರಡು ವರ್ಷ ಮಾತ್ರೆಗೆ ಬಗ್ಗದೆ, ಬೆಂಗಳೂರಿನಲ್ಲಿ ದೊಡ್ಡ ಕರುಳಿನ ಹುಣ್ಣು ಎಂದು ತಿಳಿದು, ಅದನ್ನು ತೆಗೆದರು. ಸಣ್ಣ ಕರುಳಿನ ತುದಿಯನ್ನು ಮಡಿಸಿ ಒಳಗೇ ಒಂದು ಚೀಲ ಮಾಡಿ ಕೆಳಗೆ ಜೋಡಿಸಿದರು. ಅದು ಮಾಗುವವರೆಗೆ ಮೂರು ತಿಂಗಳು ಹೊಟ್ಟೆಯ ಮೇಲೆ ಹೊರಚೀಲ. ಆಮೇಲೆ ಚೆನ್ನಾಗಿದ್ದಳು, ದಿನಕ್ಕೆ ಐದಾರು ಸಲ ಹೋಗುವುದು ಬಿಟ್ಟರೆ ತೊಂದರೆ ಇರಲಿಲ್ಲ. ಆ ಒಳಚೀಲ ಒಮ್ಮೊಮ್ಮೆ ಊದಿಕೊಳ್ಳಬಹುದು, ಜ್ವರ ಬಂದು ಭೇದಿ ಹೆಚ್ಚಾದರೆ ಈ ಮಾತ್ರೆಯನ್ನು ಹದಿನಾಲ್ಕು ದಿನ ತಗೊಂಡು ನಮ್ಮಲ್ಲಿಗೆ ಬಾ ಎಂದು ಅಲ್ಲಿನ ಸರ್ಜನ್ ಬರೆದುಕೊಟ್ಟಿದ್ದರು. ಆ ಚೀಟಿ ಮಡಿಕೆ ಮಡಿಕೆಯಾಗಿ ಅವಳ ಪರ್ಸಿನಲ್ಲೇ ಇತ್ತು. ಮಾತ್ರೆಯ ಹೆಸರು ಹೇಳಿಕೊಟ್ಟು ಕಳಿಸಿದವರು ಯಾರು ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

"ಅತ್ತೆ ಮನೆಯವ್ರಿಗೆ ಅಪೆಂಡಿಕ್ಸ್ ಆಪರೇಷನ್ ಅಂತ ಅಪ್ಪ ಹೇಳಿದ್ರು. ಫೈಲೆಲ್ಲ ಅಪ್ಪನ ಹತ್ರಾನೇ ಐತೆ. ಅತ್ತೆಗೆ ಹೇಳ್ಬೇಡಿ ಮೇಡಂ, ವಾಪಸ್ ಕಳಿಸ್ಬಿಡ್ತಾರೆ. ಅವತ್ತು ಕಿಟಕೀಲಿ ನಿಮ್ಗೆ ಹೇಳಣ ಅಂತಿದ್ದೆ. ಅಷ್ಟು ಜನ ಇದ್ರು."

ನನಗೆ ಅಲ್ಲಿ ಕೂರಲಾಗಲಿಲ್ಲ. ಚೀಟಿ ತೆಗೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟು, ನಾನು ಬರೆದ ಕೊನೆಯ ಸಾಲಿನ ವಿಷಯವನ್ನೂ ಹೇಳಿದೆ. ಅವರು ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ನೀರು ಹೀರಿಕೊಳ್ಳುವ ದೊಡ್ಡ ಕರುಳೇ ಇಲ್ಲದವಳಿಗೆ ಭೇದಿಯ ರಸ ಕುಡಿಸಿದರೆ ಒಳಗೆ ಹೋದ ನೀರು ನಿಲ್ಲುವುದಾದರೂ ಎಲ್ಲಿ ಎಂದರು. "ಇದು ಪೌಚೈಟಿಸ್ ಸರೋಜಮ್ಮ. ಒಳಗೆ ಮಾಡಿರೋ ಚೀಲದ ಉರಿಯೂತ. ಓದಿದ್ದೆ, ನೋಡಿರ್ಲಿಲ್ಲ. ನಾನೂ ಹೊಟ್ಟೆ ಮುಟ್ಟಿ ನೋಡ್ಬೇಕಿತ್ತು." ಬೆಂಗಳೂರಿನ ಸರ್ಜನ್ನಿಗೆ ಫೋನ್ ಮಾಡಿದರು. ನೀರು, ಲವಣ ಸರಿಹೋದ ಕೂಡಲೇ ಕಳಿಸಿ, ನಳಿಕೆ ಹಾಕಿ ಚೀಲ ನೋಡುತ್ತೇವೆ ಎಂದರಂತೆ. ಬೆಂಗಳೂರಿಗೆ ಕಳಿಸಬೇಕೆಂದರೆ ಮನೆಯವರಿಗೆ ಕಾರಣ ಹೇಳಲೇಬೇಕು. ಸಾಯಂಕಾಲದೊಳಗೆ ಹೇಳಬೇಕು ಎಂದು ಡಾಕ್ಟರು ನನ್ನನ್ನೇ ನೋಡಿದರು.

ವರಾಂಡದಲ್ಲಿ ಮುನಿಯಮ್ಮ ಎಳನೀರು ಹಿಡಿದು ನಿಂತಿದ್ದಳು. ನನ್ನ ದಾರಿಗೆ ಅಡ್ಡ ಬಂದಳು.

"ಹೊಟ್ಟೆ ಮೇಲಿಂದು ನೋಡಿದ್ಯಾ?"

ಹೌದೆಂದು ತಲೆಯಾಡಿಸಿದೆ.

"ನಾನು ಎಂದೋ ನೋಡಿವ್ನಿ. ಮದ್ವೆ ಆದ ಮೊದಲ್ನೇ ಹಬ್ಬಕ್ಕೆ ಎಣ್ಣೆ ಹಚ್ಚಿ ನೀರು ಹಾಕೋವಾಗ್ಲೇ ನೋಡ್ದೆ. ಅಪೆಂಡಿಕ್ಸ್ ಅಂದ್ರು. ನಮ್ಮ ಅಣ್ಣನ ಮಗಂಗೂ ಅಪೆಂಡಿಕ್ಸ್ ಆಗೈತೆ, ಇಷ್ಟೇ ಇಷ್ಟು ಗುರುತು. ಇದು ಉದ್ದುಕ್ಕೆ ಐತೆ. ಆ ಥರ ಹೊಟ್ಟೆ ಕೊಯ್ಯೋದು ಯಾತಕ್ಕೆ ಅಂತ ನಂಗೆ ಗೊತ್ತಿಲ್ವಾ?"

ಆಚೀಚೆ ನೋಡಿ, ದನಿ ಇಳಿಸಿದಳು.

"ಇವ್ಳಿಗೆ ಎಲ್ಲೋ ಒಂದು ಮಗು ಐತೆ ಕಣಮ್ಮ. ಮದ್ವೆಗೆ ಮುಂಚೆ ಆಗಿರೋದು. ಎರಡು ವರ್ಸದಿಂದ ನಂಗೊಬ್ಳಿಗೇ ಗೊತ್ತು. ನನ್ನ ಮಗನ ಹತ್ರಾನೂ ಆಡಿಲ್ಲ, ಬೀದಿಗೂ ಆಡಿಲ್ಲ. ಅವ್ಳೇ ಒಂದಿನ ಹೇಳ್ಲಿ ಅಂತಿದ್ದೆ."

"ಮತ್ತೆ ಇಷ್ಟು ಆಸ್ಪತ್ರೆ, ಮದ್ದು ಅಂತೆಲ್ಲ ಯಾಕೆ ಸುತ್ತಿಸಿದ್ರಿ?"

ಅವಳು ನನ್ನನ್ನು ಮೊದಲ ದಿನದಂತೆ ಮೇಲಿಂದ ಕೆಳಗೆ ನೋಡಿದಳು. "ಏನ್ ಮಾತಮ್ಮ ಅದು. ಕಾಯಿಲೆ ಬಿದ್ದವ್ಳೆ ಅಲ್ವಾ? ನಮ್ಮನೆ ಅನ್ನ ತಿನ್ನೋವ್ಳು ತಾನೆ?"

ಬೇಕಂತಲೇ ಕುಡಿಸಿದ್ದಾಳೆ ಎಂದು ಗಂಟೆಯ ಹಿಂದೆ ನಾವಿಬ್ಬರು ತೀರ್ಮಾನಿಸಿದ್ದ ಹೆಂಗಸು ಇವಳು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಅವಳ ಅನುಮಾನ ನನ್ನದಕ್ಕಿಂತ ಹತ್ತು ಪಾಲು ದೊಡ್ಡದಿತ್ತು. ಅದನ್ನಿಟ್ಟುಕೊಂಡೇ ಎರಡು ವರ್ಷ ಸೊಸೆಗೆ ಬಡಿಸಿದ್ದಳು, ನಾಲ್ಕು ಸಲ ಬಸ್ಸು ಹತ್ತಿಸಿ ಕರೆತಂದಿದ್ದಳು. ನಾನು ಎರಡು ಪದ ಬರೆದು ಮಾತ್ರೆ ನಿಲ್ಲಿಸಿದ್ದೆ.

ಅತ್ತೆಗೆ ಹೇಳಬೇಡಿ ಎಂದ ಹುಡುಗಿಯ ಮಾತು ಮೀರಲು ಮನಸ್ಸಾಗಲಿಲ್ಲ, ಈ ಹೆಂಗಸನ್ನು ಹಾಗೇ ಬಿಡಲೂ ಆಗಲಿಲ್ಲ. ಕೈ ಹಿಡಿದು ಪರದೆಯೊಳಗೆ ಕರೆದುಕೊಂಡು ಹೋದೆ. "ನೀನೇ ಹೇಳಮ್ಮ, ನಾನು ಇಲ್ಲೇ ಇರ್ತೀನಿ" ಎಂದೆ. ಸುಜಾತ ಅಳುತ್ತ ಅಳುತ್ತಲೇ ಎಲ್ಲ ಹೇಳಿದಳು. ಮುನಿಯಮ್ಮ ಮುಗಿದ ಮೇಲೆ ಕೇಳಿದ್ದು ಒಂದೇ.

"ಅಂದ್ರೆ, ಮಗು ಇಲ್ವಾ?"

"ಯಾವ ಮಗು ಅತ್ತೆ?"

ಮುನಿಯಮ್ಮ ಎಳನೀರನ್ನು ನೆಲಕ್ಕಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಕ್ಕರಿಸಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು. ಆಮೇಲೆ ಎದ್ದು, ಸೊಸೆಯ ಹೊಟ್ಟೆಯ ಮೇಲೆ ಬಟ್ಟೆ ಸರಿಮಾಡಿ, "ನಿಮ್ಮಪ್ಪನ್ನ ನಾನು ಆಮೇಲೆ ವಿಚಾರಿಸ್ಕೋತೀನಿ. ಮೊದ್ಲು ಇದು ಕುಡಿ" ಎಂದಳು. ಸಿಟ್ಟು ಇರಲಿಲ್ಲವೆಂದಲ್ಲ. ಅಪೆಂಡಿಕ್ಸ್ ಎಂದ ಬೀಗರ ಜೊತೆ ವರ್ಷದವರೆಗೆ ಮಾತು ಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ಸೊಸೆಯನ್ನು ಮಾತ್ರ ಕಳಿಸಲಿಲ್ಲ. ಗಂಡನಿಗೆ ಹೇಳುವುದನ್ನೂ ತಾನೇ ಹೇಳಿದಳು, ವ್ಯಾನಿನ ಹತ್ತಿರ ನಿಲ್ಲಿಸಿಕೊಂಡು.

ಬೆಂಗಳೂರಿನಲ್ಲಿ ನೋಡಿದರು, ಚೀಲ ಊದಿದ್ದು ನಿಜ. ಮಾತ್ರೆಯನ್ನು ಪೂರ್ತಿ ದಿನ ಕೊಟ್ಟರು, ಆಮೇಲೆ ಇನ್ನೊಂದು ಸೇರಿಸಿದರು. ಮತ್ತೆ ಬರಬಹುದು, ಬಂದರೆ ಹೆದರಬೇಡಿ, ಬೇಗ ಬನ್ನಿ ಎಂದು ಹೇಳಿ ಕಳಿಸಿದರು.

ಈಗ ಎಲ್ಲಕ್ಕೂ ಯಂತ್ರ ಬಂದಿದೆ. ಬಾಟಲಿಗೆ ಗೆರೆಗೆರೆಯ ಚೀಟಿ ಅಂಟಿಸುತ್ತೀರಿ, ಯಾರದು ಯಾವಾಗಿನದು ಎಂದು ಯಂತ್ರವೇ ಓದಿಕೊಳ್ಳುತ್ತದೆ. ಹಿಂದೆ ಏನಾಗಿತ್ತು ಎಂದು ಅದು ಕೇಳುವುದಿಲ್ಲ. ಸಿಕ್ಕ ಉತ್ತರ ಹೊಂದದಿದ್ದರೆ ಅನುಮಾನ ಪಡಿ, ಬೇಡ ಎನ್ನುವುದಿಲ್ಲ. ಆದರೆ ಬರೆಯುವ ಮುಂಚೆ ಕೇಳಿ, ಒಬ್ಬರನ್ನೇ ಒಳಗೆ ಕರೆದು ಕೇಳಿ. ನಮ್ಮ ಕಿಟಕಿಯ ಪಕ್ಕ ಒಂದು ಬೆಂಚು ಹಾಕಿ ಪರದೆ ಕಟ್ಟಿಸಿದ್ದು ಆ ವರ್ಷವೇ.

ಬೆಂಗಳೂರಿನ ಚಿಕಿತ್ಸೆಯಾಗಿ ಏಳೆಂಟು ತಿಂಗಳು ಕಳೆದ ಮೇಲೆ ಅತ್ತೆ ಸೊಸೆ ಇಬ್ಬರೂ ಮತ್ತೆ ಕಿಟಕಿಗೆ ಬಂದರು. ಸುಜಾತಳ ಕೆನ್ನೆ ತುಂಬಿಕೊಂಡಿತ್ತು, ಒಂದೆರಡು ದಿನದಿಂದ ಮತ್ತೆ ಸ್ವಲ್ಪ ಹೆಚ್ಚಾಗಿದೆ ಎಂದು ಬೇಗ ಬಂದಿದ್ದರು. ಸಾಲು ಎಂದಿನಂತೆ ಉದ್ದವಿತ್ತು. ಮುನಿಯಮ್ಮ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ನಾನು ಬಾಯಿ ತೆರೆಯುವ ಮುಂಚೆಯೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇದು ನನ್ನ ಸೊಸೇದೇ ಕಣಮ್ಮ. ಬಾಗ್ಲಲ್ಲಿ ನಾನೇ ನಿಂತಿದ್ದೆ. ಹಂಗಂತ ಬರ್ಕೋ."

ಬರೆದುಕೊಂಡೆ. ಸ್ಲೈಡ್ ನೋಡಿ ರಿಪೋರ್ಟ್ ಮುಗಿಸಿ, ಹೆಸರು ಕೂಗಿ, ಅಭ್ಯಾಸದಂತೆ ಅವಳ ಕಡೆಗೇ ಚಾಚಿದೆ. ಮುನಿಯಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಂಗ್ಯಾಕೆ? ಅವ್ಳ ಕೈಗೆ ಕೊಡು."